48 ಗಂಟೆಯೊಳಗೆ ಒಂದು ಕಾಗದ

2010ರಲ್ಲಿ ಬೆಲಾರೂಸಿನ ಪುಟ್ಟ ಆಂಟಿವೈರಸ್ ಕಂಪನಿಯೊಂದರ ಕೈಗೆ ವಿಚಿತ್ರವಾದ ಕಂಪ್ಯೂಟರ್ ಹುಳುವೊಂದು ಸಿಕ್ಕಿತು. ಮುಂದೆ ಸ್ಟಕ್ಸ್‌ನೆಟ್ ಎಂದು ಹೆಸರಾದ ಈ ಹುಳುವಿನ ಗುರಿ ಇರಾನಿನ ನತಾಂಜ್ ಅಣುಕೇಂದ್ರದ ಸೆಂಟ್ರಿಫ್ಯೂಜ್‌ಗಳು. ಅವು ತಿರುಗುವ ವೇಗವನ್ನು ಗುಟ್ಟಾಗಿ ಏರಿಸಿ ಇಳಿಸಿ ಕೆಡಿಸುತ್ತಿತ್ತು. ಕಾವಲಿದ್ದವರ ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಹುಳು ಇರಾನಿಗಷ್ಟೇ ನಿಲ್ಲದೆ ಇಂಡೋನೇಷ್ಯಾ, ಭಾರತಗಳ ಸಾವಿರಾರು ಕಂಪ್ಯೂಟರುಗಳಿಗೂ ಹೊಕ್ಕಿತು. ಇದು ಅಮೆರಿಕ ಮತ್ತು ಇಸ್ರೇಲ್ ಕೂಡಿ ಮಾಡಿದ ಕೆಲಸವೆಂದು ಪತ್ರಿಕೆಗಳು ಬರೆದವು. ಎರಡೂ ಸರ್ಕಾರಗಳು ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿಲ್ಲ.

ಇಂಥ ಕೆಲಸ ನಡೆಯುವ ಮುನ್ನವೋ ನಡೆದ ಮೇಲೋ, ಜನ ಆರಿಸಿ ಕಳಿಸಿದವರಿಗೆ ಯಾರು ಹೇಳಬೇಕು? ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆಯಲು ಹೊರಟದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್.

ಎರಡು ಖಾತೆಗಳ ನಡುವೆ

ವಿಯೆಟ್ನಾಂ ಯುದ್ಧದಲ್ಲಿ ಕೈಸುಟ್ಟುಕೊಂಡ ಕಾಂಗ್ರೆಸ್ 1973ರಲ್ಲಿ ಒಂದು ಕಾಯ್ದೆ ತಂದಿತು. ಅಧ್ಯಕ್ಷರು ಸೈನ್ಯವನ್ನು ಕಾಳಗಕ್ಕೆ ಇಳಿಸಿದರೆ 48 ಗಂಟೆಯೊಳಗೆ ತಿಳಿಸಬೇಕು. ಆದರೆ ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿ, ಅಮೆರಿಕದ ಸೈಬರ್ ಕಮಾಂಡಿನ ಕಚೇರಿಯಲ್ಲಿ ಕೀಲಿಮಣೆ ಒತ್ತುವವರು ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಅವರನ್ನು ಎಲ್ಲಿಗೆ ಇಳಿಸಿದರು ಎಂದು ಹೇಳುವುದು?

ಇನ್ನೊಂದು ಕಾಯ್ದೆ 1991ರದು. ಮಾಡಿದ್ದು ತಾನೆಂದು ಸರ್ಕಾರ ಒಪ್ಪಿಕೊಳ್ಳಲು ಬಯಸದ ಗುಪ್ತ ಕೆಲಸಕ್ಕೆ ಅಧ್ಯಕ್ಷರ ಲಿಖಿತ ಅನುಮತಿ ಬೇಕು, ಗುಪ್ತಚರ ಸಮಿತಿಗಳಿಗೆ ವರದಿ ಹೋಗಬೇಕು. 'ಪರಂಪರಾಗತ ಸೇನಾ ಚಟುವಟಿಕೆ'ಗೆ ಇದರಿಂದ ವಿನಾಯಿತಿ ಉಂಟು. ಸೈಬರ್ ದಾಳಿ ಮಾಡುವವರು ಸಾಮಾನ್ಯವಾಗಿ ಗುರುತು ಮರೆಸಿಯೇ ಮಾಡುತ್ತಾರೆ. ಹಾಗಾದರೆ ಅದು ಗೂಢಚಾರಿಕೆಯ ಖಾತೆಗೋ ಸೇನೆಯ ಖಾತೆಗೋ? ವಕೀಲರು ವರ್ಷಗಟ್ಟಲೆ ವಾದಿಸಿದರು. ಕೊನೆಗೆ 2018ರ ಆಗಸ್ಟ್‌ನಲ್ಲಿ ಸಹಿಯಾದ ರಕ್ಷಣಾ ಕಾಯ್ದೆ, ಸೇನೆ ಗುಟ್ಟಾಗಿ ನಡೆಸುವ ಸೈಬರ್ ಕೆಲಸವನ್ನೂ 'ಪರಂಪರಾಗತ' ಎಂದೇ ಎಣಿಸಿತು. ಹತ್ತು ವರ್ಷವೂ ತುಂಬದ ಕಮಾಂಡಿಗೆ ಪರಂಪರೆ ಕಾನೂನಿನಿಂದ ಬಂತು!

ಕಾಗದದಲ್ಲಿ ಏನಿರಬೇಕು?

ಹೀಗೆ ಹಗ್ಗ ಸಡಿಲಿಸುವ ಮುನ್ನವೇ ಕಾಂಗ್ರೆಸ್ ಅದರ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಿತ್ತು. 2017ರ ಡಿಸೆಂಬರಿನ ಕಾಯ್ದೆಯ ಪ್ರಕಾರ, 'ಸೂಕ್ಷ್ಮ' ಸೈಬರ್ ಕಾರ್ಯಾಚರಣೆ ನಡೆದ 48 ಗಂಟೆಯೊಳಗೆ ರಕ್ಷಣಾ ಕಾರ್ಯದರ್ಶಿ ರಕ್ಷಣಾ ಸಮಿತಿಗಳಿಗೆ ಬರೆದು ತಿಳಿಸಬೇಕು. ಇದಲ್ಲದೆ ಮೂರು ತಿಂಗಳಿಗೊಮ್ಮೆ ವಿವರಣೆಯ ಸಭೆಯೂ ಉಂಟು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತಲ್ಲ ಎನ್ನಬಹುದು. ನಡೆದದ್ದನ್ನು ಈ ಕಾಗದ ತಡೆಯಲಾರದು, ನಿಜ. ಆದರೆ ನಾಳೆ ಬರೆದು ಕೊಡಬೇಕೆಂದು ಗೊತ್ತಿರುವ ಅಧಿಕಾರಿ ಇಂದು ಎರಡು ಸಲ ಯೋಚಿಸುತ್ತಾನೆ. ಮುಂದಿನ ವರ್ಷದ ಹಣ ಮಂಜೂರು ಮಾಡುವವರೂ ಆ ಕಾಗದ ಓದಿದವರೇ.

ತೊಡಕಿರುವುದು 'ಸೂಕ್ಷ್ಮ' ಎಂಬ ಪದದಲ್ಲಿ. 2019ರ ತಿದ್ದುಪಡಿ ಅದಕ್ಕೊಂದು ಅಳತೆಗೋಲು ಕೊಟ್ಟಿತು: ಗುರಿಯಲ್ಲದವರಿಗೆ ತಾಕುವ ಹಾನಿ, ಎದುರಾಳಿ ಸೇಡು ತೀರಿಸುವ ಸಂಭವ, ಸಿಕ್ಕಿಬೀಳುವ ಸಂಭವ ಇತ್ಯಾದಿ. ಇವುಗಳಲ್ಲಿ ಒಂದಾದರೂ 'ಮಧ್ಯಮ' ಅಥವಾ 'ಹೆಚ್ಚು' ಎನಿಸಿದರೆ ಕಾಗದ ಹೋಗಬೇಕು, ಎಲ್ಲವೂ 'ಕಡಿಮೆ' ಎನಿಸಿದರೆ ಬೇಡ. ಮೊದಲು ತೂಗಿ ನೋಡುವವರು ಯಾರು? ಕಾರ್ಯಾಚರಣೆ ನಡೆಸುವವರೇ. ತಕ್ಕಡಿ ಅಂಗಡಿಯವನ ಕೈಯಲ್ಲೇ ಇದೆ.

ಓದಲಿಕ್ಕೂ ಒಂದು ಕಾಯ್ದೆ

2018ರಲ್ಲಿ ಅಧ್ಯಕ್ಷ ಟ್ರಂಪ್ ಒಂದು ರಹಸ್ಯ ಆದೇಶಕ್ಕೆ ಸಹಿ ಹಾಕಿದರು. ಒಬಾಮಾ ಕಾಲದ ನಿಯಮದಲ್ಲಿ ದಾಳಿಗೆ ಮುನ್ನ ಹಲವು ಇಲಾಖೆಗಳ ಒಪ್ಪಿಗೆಯ ಸುತ್ತಾಟವಿತ್ತು. ಹೊಸ ಆದೇಶ ಅದನ್ನು ಮೊಟಕುಗೊಳಿಸಿ ಸೇನೆಗೆ ಹೆಚ್ಚು ಸಲಿಗೆ ಕೊಟ್ಟಿತು. ಅದೇ ವರ್ಷ ನವೆಂಬರಿನ ಚುನಾವಣೆಯ ಹೊತ್ತಿಗೆ ಸೈಬರ್ ಕಮಾಂಡ್, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸುಳ್ಳು ಪ್ರಚಾರ ಹೆಣೆಯುತ್ತಿದ್ದ ಕಚೇರಿಯ ಇಂಟರ್ನೆಟ್ ಸಂಪರ್ಕವನ್ನೇ ಕಡಿಯಿತು.

ಆದೇಶದ ಪ್ರತಿ ತೋರಿಸಿ ಎಂದು ಎರಡೂ ಪಕ್ಷಗಳ ಸದಸ್ಯರು ಕೇಳಿದರು. ಶ್ವೇತಭವನ ಕೊಡಲಿಲ್ಲ. ಕೇಳಿ ಕೇಳಿ ಸಾಕಾಗಿ, 2019ರ ರಕ್ಷಣಾ ಕಾಯ್ದೆಯಲ್ಲಿ 'ಪ್ರತಿ ಕೊಡತಕ್ಕದ್ದು' ಎಂಬ ಕಲಮನ್ನೇ ಸೇರಿಸಿದರು. ಆದೇಶ 2020ರಲ್ಲಿ ಅವರ ಕಣ್ಣಿಗೆ ಬಿತ್ತು. ಇಂಥದ್ದನ್ನು ಓದಬೇಕಾದರೆ ಫೋನನ್ನು ಹೊರಗಿಟ್ಟು ಮುಚ್ಚಿದ ಕೋಣೆಗೆ ಹೋಗಬೇಕು. ಓದಿದ್ದನ್ನು ಮತದಾರರಿಗೆ ಹೇಳುವಂತಿಲ್ಲ.

ನಮ್ಮ ಕಡೆ

ಭಾರತಕ್ಕೂ ರಕ್ಷಣಾ ಸೈಬರ್ ಏಜೆನ್ಸಿ ಇದೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ 31 ಸದಸ್ಯರು ಸಚಿವಾಲಯದ ಅನುದಾನ ಬೇಡಿಕೆಗಳನ್ನು ಪರಿಶೀಲಿಸುತ್ತಾರೆ. ಇಂತಿಷ್ಟು ಗಂಟೆಯೊಳಗೆ ಸೈಬರ್ ಕಾರ್ಯಾಚರಣೆಯನ್ನು ಸಮಿತಿಗೆ ತಿಳಿಸಬೇಕೆಂಬ ಕಾನೂನು ನಮ್ಮಲ್ಲಿಲ್ಲ.

ಆ ಹುಳು ಹೊಕ್ಕ ಭಾರತದ ಕಂಪ್ಯೂಟರುಗಳನ್ನು ಮತ್ತೆ ನೆನೆಯೋಣ. ಇವತ್ತಿನ ಅಮೆರಿಕದ ಕಾಗದದಲ್ಲಾದರೆ ಅವು 'ಗುರಿಯಲ್ಲದವರಿಗೆ ತಾಕುವ ಹಾನಿ'ಯ ಲೆಕ್ಕಕ್ಕೆ ಬರುತ್ತವೆ. ಆ ಹಾನಿ ಕಡಿಮೆಯೋ ಮಧ್ಯಮವೋ ಎಂದು ತೂಗುವವರನ್ನು ಪ್ರಶ್ನಿಸಲು ವಾಷಿಂಗ್ಟನ್ನಿನ ಮುಚ್ಚಿದ ಕೋಣೆಯಲ್ಲಿ ಕೆಲವರಾದರೂ ಇದ್ದಾರೆ. ಅವರು ಯಾರೂ ನಾವು ಆರಿಸಿದವರಲ್ಲ.