ಹೊಗೆಯ ಧೂಳನ್ನು ಹಿಡಿಯುವ ತಂತಿ ಮತ್ತು ತಗಡು

ಒಣಕೂದಲಿನ ಮೇಲೆ ಎಳೆದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಹೊಗೆಯೊಳಗಿನ ಧೂಳನ್ನು ಹಿಡಿಯಲು ನೆರವಾಗುವುದೂ ಇದೇ ಬಲವೇ. ಕಲ್ಲಿದ್ದಲನ್ನು ಉರಿಸುವ ರಾಯಚೂರಿನಂತಹ ವಿದ್ಯುತ್ ಸ್ಥಾವರಗಳಿಗೆ ಈ ಉಪಾಯವು ಅತ್ಯಗತ್ಯ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಬಹಳ ಹೆಚ್ಚು. ಆ ಬೂದಿಯ ಅತಿ ಸೂಕ್ಷ್ಮ ಕಣಗಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಆದುದರಿಂದ ಅವನ್ನು ಚಿಮಣಿಯನ್ನು ಸೇರುವ ಮುನ್ನವೇ ತಡೆಯಬೇಕು.

ಇದಕ್ಕೆ ಎರಡು ಬಗೆಯ ವಿದ್ಯುದಗ್ರಗಳು ಬೇಕು. ಒಂದು ತೆಳುವಾದ ತಂತಿ. ಇನ್ನೊಂದು ಅದರ ಇಕ್ಕೆಲಗಳಲ್ಲಿ ನಿಲ್ಲಿಸಿದ ಅಗಲವಾದ ತಗಡು. ಎರಡೂ ಒಂದೇ ಆಕಾರದಲ್ಲಿದ್ದರೆ ಸಾಲದೆ? ಸಾಲದು. ವಿದ್ಯುತ್ಕ್ಷೇತ್ರವು ಸಪೂರವಾದ ಅಥವಾ ಚೂಪಾದ ವಸ್ತುವಿನ ಬಳಿ ಅತ್ಯಂತ ಪ್ರಬಲವಾಗಿರುವುದು. ತಂತಿಗೆ ಹತ್ತಾರು ಸಾವಿರ ವೋಲ್ಟುಗಳ ಋಣವಿದ್ಯುತ್ತನ್ನು ಕೊಟ್ಟಾಗ ಅದರ ಸುತ್ತಣ ಅನಿಲವು ನಸುನೀಲಿಯಾಗಿ ಬೆಳಗುತ್ತದೆ. ಅಲ್ಲಿ ಹುಟ್ಟಿದ ಅಯಾನುಗಳು ತಗಡಿನತ್ತ ಧಾವಿಸುವಾಗ ಧೂಳಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ಹೀಗೆ ವಿದ್ಯುತ್ತನ್ನು ಪಡೆದ ಧೂಳು ತಗಡಿನೆಡೆಗೆ ಸರಿದು ಅದರ ಮೇಲೆ ಕೂಡುತ್ತದೆ.

ತಂತಿಯು ದಪ್ಪವಾದರೆ, ಅದೇ ವೋಲ್ಟಿನಲ್ಲಿ ಕ್ಷೇತ್ರವು ದುರ್ಬಲವಾಗಿ ಅಯಾನುಗಳು ಹುಟ್ಟುವುದೇ ಕಡಿಮೆಯಾದೀತು. ತಗಡಿನಲ್ಲಿ ಚೂಪಾದ ಅಂಚುಗಳು ಉಳಿದರೆ ಅಲ್ಲಿ ಕಿಡಿ ಸಿಡಿದು ಕೆಲಸ ಕೆಟ್ಟೀತು. ಆದುದರಿಂದ ತಗಡನ್ನು ನುಣುಪಾಗಿಸಿ, ಅಂಚುಗಳನ್ನು ಮಡಿಸುತ್ತಾರೆ. ಮಡಿಕೆಯ ಮರೆಯಲ್ಲಿ ಗಾಳಿಯ ರಭಸವು ತಗ್ಗುವುದರಿಂದ ಕೂತ ಧೂಳು ಮತ್ತೆ ಹಾರಿಹೋಗುವುದೂ ಕಡಿಮೆ. ಆಗಾಗ್ಗೆ ಸುತ್ತಿಗೆಯಿಂದ ತಗಡನ್ನು ಬಡಿದರೆ ಧೂಳು ಹೆಪ್ಪಳಿಕೆಯಾಗಿ ಕಳಚಿ ಕೆಳಗಣ ತೊಟ್ಟಿಗೆ ಬೀಳುವುದು. ಚೆನ್ನಾಗಿ ರಚಿಸಿದ ಯಂತ್ರವು ನೂರರಲ್ಲಿ 99 ಪಾಲಿಗೂ ಮಿಕ್ಕಿ ಧೂಳನ್ನು ಹಿಡಿಯಬಲ್ಲದು.

ಈ ವಿದ್ಯೆಯನ್ನು ಬಳಕೆಗೆ ತಂದವರು ಅಮೆರಿಕದ ಫ್ರೆಡರಿಕ್ ಕಾಟ್ರೆಲ್. 1907ರ ಸುಮಾರಿಗೆ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಗಂಧಕಾಮ್ಲದ ಮಂಜನ್ನು ಹಿಡಿಯಲು ಅವರು ಯತ್ನಿಸುತ್ತಿದ್ದರು. ಹತ್ತಿನೂಲು ಸುತ್ತಿದ ತಂತಿಯೊಂದು ಕತ್ತಲಲ್ಲಿ ಮಿನುಗುವುದು ಅವರ ಕಣ್ಣಿಗೆ ಬಿದ್ದಿತು. ನೂಲಿನ ಒಂದೊಂದು ಎಳೆಯ ತುದಿಯೂ ಸೂಜಿಮೊನೆಯಂತೆ ವಿದ್ಯುತ್ತನ್ನು ಹೊರಸೂಸುತ್ತಿತ್ತು! ಅದನ್ನರಿತ ಅವರು ರೋಮಗಳುಳ್ಳ ವಿದ್ಯುದಗ್ರಗಳನ್ನೇ ರಚಿಸಿದರು. ಇಂದು ಅನೇಕ ಯಂತ್ರಗಳಲ್ಲಿ ಗಟ್ಟಿಯಾದ ಕೊಳವೆಗಳಿಗೆ ಲೋಹದ ಮುಳ್ಳುಗಳನ್ನು ಕೂಡಿಸುವುದೂ ಈ ತತ್ತ್ವದಿಂದಲೇ.

ಇಷ್ಟು ಲಾಭಕರವಾದ ಶೋಧವನ್ನು ಕಾಟ್ರೆಲರು ತಮ್ಮ ಸಿರಿಗಾಗಿ ಇಟ್ಟುಕೊಳ್ಳಲಿಲ್ಲ. 1912ರಲ್ಲಿ ಸ್ಥಾಪಿತವಾದ ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆಗೆ ತಮ್ಮ ಹಕ್ಕುಗಳನ್ನೊಪ್ಪಿಸಿ, ಅದರ ಆದಾಯವು ಇತರರ ವಿಜ್ಞಾನ ಸಂಶೋಧನೆಗೆ ಸಲ್ಲುವಂತೆ ಮಾಡಿದರು. ನೂಲಿನ ಎಳೆಯನ್ನು ಕಡೆಗಣಿಸದ ಆ ಕಣ್ಣೂ, ಗಳಿಕೆಯನ್ನು ಹಂಚಿದ ಆ ಮನಸ್ಸೂ ನಮ್ಮ ಮಕ್ಕಳಲ್ಲಿ ಬೆಳೆಯಲಿ.