ಮಂಜಿನ ಮೇಲೊಂದು ಹಾದಿ

ಹ್ಯಾಮ್ ರೇಡಿಯೊದ, ಅಂದರೆ ಹವ್ಯಾಸಿ ರೇಡಿಯೊದ ಹುಚ್ಚು ಹತ್ತಿದವರಿಗೆ ಹವಾಮಾನ ಒಂದಲ್ಲ, ಎರಡು. ಒಂದು ನೆತ್ತಿಯ ಮೇಲಿನ ಮೋಡ, ಮಂಜು, ಮಳೆಯದು. ಇನ್ನೊಂದು, ರೇಡಿಯೊ ಅಲೆಯನ್ನು ಬಾಗಿಸಿ ದೂರಕ್ಕೆ ಕಳಿಸುವ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದ್ದು. ಕೋಲ್ಕತ್ತದ ಚಳಿಗಾಲದಲ್ಲಿ ಇವೆರಡೂ ಒಂದಕ್ಕೊಂದು ಸೊಪ್ಪು ಹಾಕುವುದಿಲ್ಲ. ಹೂಗ್ಲಿ ನದಿಯ ಎದುರು ದಡ ಮಂಜಿನಲ್ಲಿ ಮರೆಯಾಗಿರುವ ಹೊತ್ತಿಗೆ ಮೇಲಿನ ಹಾದಿ ಯುರೋಪಿನ ತನಕ ತೆರೆದಿರುತ್ತದೆ. ಜಗತ್ತಿನ ದೊಡ್ಡ ರೇಡಿಯೊ ಸ್ಪರ್ಧೆಗಳು ಬರುವುದೂ ಇದೇ ತಿಂಗಳುಗಳಲ್ಲಿ.

ಎಲ್ಲಕ್ಕಿಂತ ದೊಡ್ಡದು 'ಸಿಕ್ಯೂ ವರ್ಲ್ಡ್ ವೈಡ್'. ಮಾತಿನ ಸ್ಪರ್ಧೆ ಅಕ್ಟೋಬರ್ ಕೊನೆಗೆ, ಮೋರ್ಸ್ ಸ್ಪರ್ಧೆ ನವೆಂಬರ್ ಕೊನೆಯ ವಾರಾಂತ್ಯಕ್ಕೆ, ಎರಡೂ 48 ಗಂಟೆಗಳದ್ದು. ಜಗತ್ತನ್ನು 40 ವಲಯಗಳಾಗಿ ಹಂಚಿದ್ದಾರೆ, ಭಾರತ 22ನೆಯದು. ಎದುರಿನವರ ಕರೆಸಂಕೇತ ಹಿಡಿದು, '599 22' (ಸಿಗ್ನಲ್ ಎಷ್ಟು ಚೆನ್ನಾಗಿದೆ ಎಂಬ ಅಂಕಿ, ಜೊತೆಗೆ ನಮ್ಮ ವಲಯ) ಎಂದು ಕಳಿಸಿ, ಅವರ ಅಂಕಿ ಪಡೆದರೆ ಒಂದು ಸಂಪರ್ಕ ಮುಗಿಯಿತು. ಕೆಲವೇ ಸೆಕೆಂಡುಗಳ ಕೆಲಸ. ಬೇರೆ ಖಂಡದ ಕೇಂದ್ರಕ್ಕೆ 3 ಅಂಕ. ಹೊಸ ದೇಶ, ಹೊಸ ವಲಯ ಸಿಕ್ಕಂತೆಲ್ಲ ಒಟ್ಟು ಅಂಕವನ್ನು ಗುಣಿಸುವ ಸಂಖ್ಯೆಯೂ ಏರುತ್ತದೆ. ಗೆದ್ದವರಿಗೆ ದುಡ್ಡಿಲ್ಲ, ಪ್ರಮಾಣಪತ್ರ ಮತ್ತು ಫಲಕ ಅಷ್ಟೇ.

ಸ್ಪರ್ಧೆ ಶುರುವಾಗುವುದು ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಐದೂವರೆಗೆ. ನವೆಂಬರ್ ಕೊನೆಯಲ್ಲಿ ಕೋಲ್ಕತ್ತದ ಸೂರ್ಯೋದಯ ಆರರ ಆಸುಪಾಸು. ಪಶ್ಚಿಮಕ್ಕೆ ಯುರೋಪಿನವರೆಗೂ ಇನ್ನೂ ರಾತ್ರಿ. 80 ಮೀಟರ್, 160 ಮೀಟರ್ ಬ್ಯಾಂಡುಗಳ ಅಲೆ ದೂರ ಹೋಗುವುದು ಕತ್ತಲಲ್ಲೇ; ಬಿಸಿಲೇರಿದರೆ ಅಯಾನುಗೋಳದ ಕೆಳಪದರ ಅವನ್ನು ನುಂಗಿಬಿಡುತ್ತದೆ. ಹಾಗಾಗಿ ಆ ಮೊದಲ ಅರ್ಧ ಗಂಟೆ ಚಿನ್ನ. ಬೆಂಗಳೂರಿನ ಹ್ಯಾಮ್‌ಗೆ ಬೆಳಿಗ್ಗೆ ಇಪ್ಪತ್ತು ನಿಮಿಷ ಹೆಚ್ಚು ಸಿಗುತ್ತದೆ ನಿಜ, ಆದರೆ ಸಂಜೆ ಕೋಲ್ಕತ್ತದವರದೇ ಮೇಲುಗೈ. ಅಲ್ಲಿ ಐದಕ್ಕೆ ಮೊದಲೇ ಹೊತ್ತು ಮುಳುಗಿ, ಕತ್ತಲ ಹಾದಿ ಪೂರ್ವಕ್ಕೆ ಜಪಾನ್, ಪೆಸಿಫಿಕ್ ದಾಟಿ ಅಮೆರಿಕದ ಪಶ್ಚಿಮ ಕರಾವಳಿಯತ್ತ ತೆರೆದುಕೊಳ್ಳುತ್ತದೆ.

ತೊಂದರೆಯೆಂದರೆ, ಬೆಳಗಿನ ಆ ಚಿನ್ನದಂಥ ಹೊತ್ತಿಗೇ ಇಬ್ಬನಿ ಸುರಿಯುವುದು. ಮಂಜು ರೇಡಿಯೊ ಅಲೆಯನ್ನು ತಡೆಯುವುದಿಲ್ಲ, ತಂತಿಯನ್ನು ಕಾಡುತ್ತದೆ. ವಿದ್ಯುತ್ ಕಂಬದ ಪಿಂಗಾಣಿ ಬಿಲ್ಲೆಗಳ ಮೇಲೆ ನಗರದ ಹೊಗೆಧೂಳು ಕೂತಿರುತ್ತದೆ. ಅದು ಒದ್ದೆಯಾದರೆ ಕರೆಂಟು ಸಣ್ಣಗೆ ಸೋರಿ, ಹೆಡ್‌ಫೋನಿನಲ್ಲಿ ಚರಚರ ಸದ್ದು. ತೀರ ಕ್ಷೀಣವಾದ ಮೋರ್ಸ್ ಅದರಡಿ ಹೂತುಹೋಗುತ್ತದೆ. ಕೇಬಲ್ಲಿನ ಕನೆಕ್ಟರಿನೊಳಗೆ ನೀರು ಇಳಿದರಂತೂ ಟ್ರಾನ್ಸ್‌ಮಿಟರಿನ ಶಕ್ತಿ ಆಂಟೆನಾಕ್ಕೆ ಹೋಗದೆ ವಾಪಸು ಬರುತ್ತದೆ. ಬಲ್ಲವರು ಮಳೆಗಾಲ ಮುಗಿದ ಕೂಡಲೇ ತಾರಸಿ ಹತ್ತಿ ಪ್ರತಿ ಜೋಡಣೆಯನ್ನೂ ಬಿಚ್ಚಿ ಒರೆಸಿ, ರಬ್ಬರ್ ಟೇಪನ್ನು ಎಳೆದು ಬಿಗಿಯಾಗಿ ಸುತ್ತುತ್ತಾರೆ. ಸ್ಪರ್ಧೆಯ ಅರ್ಧ ಗೆಲುವು ಅಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಜನವರಿ ಕೊನೆಯ 160 ಮೀಟರ್ ಸ್ಪರ್ಧೆಯದು ಬೇರೆಯೇ ಪಾಡು. ಅದಕ್ಕೆ ಬೇಕಾದ ಡೈಪೋಲ್ ಆಂಟೆನಾ ಸುಮಾರು 78 ಮೀಟರ್ ಉದ್ದ. ಮನೆಗೆ ಮನೆ ಅಂಟಿಕೊಂಡ ಊರಲ್ಲಿ ಅಷ್ಟು ತಂತಿಯನ್ನು ಎಳೆಯುವುದೆಲ್ಲಿ? ಸ್ವಲ್ಪ ನೆಟ್ಟಗೆ ಏರಿಸಿ, ಉಳಿದದ್ದನ್ನು ಅಡ್ಡಲಾಗಿ ಬಾಗಿಸಿ ಸುಧಾರಿಸಿಕೊಳ್ಳಬೇಕು. ಆದರೂ ಈ ಬ್ಯಾಂಡಿಗೆ ಚಳಿಗಾಲವೇ ಸುಗ್ಗಿ. ರಾತ್ರಿ ದೀರ್ಘ, ಗುಡುಗು ಮಿಂಚಿನ ಗದ್ದಲ ಕಡಿಮೆ.

ಈ ಹವ್ಯಾಸ ಭಾರತದಲ್ಲಿ ಮೊಳೆತದ್ದೂ ಇದೇ ನಗರದಲ್ಲಿ. 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ 2ಜೆಕೆ ಎಂಬ ಕರೆಸಂಕೇತ ಸಿಕ್ಕಿತು, ಮುಕುಲ್ ಬೋಸ್ ಅವರಿಗೆ 2ಎಚ್‌ಕ್ಯೂ. ಇಲ್ಲಿನ ವಿಶ್ವವಿದ್ಯಾಲಯದ ಶಿಶಿರ ಕುಮಾರ ಮಿತ್ರ ಅಯಾನುಗೋಳದ ಅಧ್ಯಯನಕ್ಕೆ ಆಯುಷ್ಯ ತೆತ್ತವರು. 1947ರ ಅವರ 'ದಿ ಅಪ್ಪರ್ ಅಟ್ಮಾಸ್ಫಿಯರ್' ಆ ಕ್ಷೇತ್ರದ ದೊಡ್ಡ ಗ್ರಂಥ. ಭೂಕಾಂತೀಯ ವಿಷುವದ್ವೃತ್ತದ ಎರಡೂ ಬದಿಗೆ ಅಯಾನುಗೋಳ ದಿಣ್ಣೆಯಂತೆ ದಟ್ಟವಾಗುತ್ತದೆ. ಕೋಲ್ಕತ್ತ ಇರುವುದು ಉತ್ತರದ ದಿಣ್ಣೆಯ ಹತ್ತಿರ. 15 ಮತ್ತು 10 ಮೀಟರ್ ಬ್ಯಾಂಡುಗಳಲ್ಲಿ ಹಗಲು ಹೊತ್ತು ಆಡುವವರಿಗೆ ಇದೊಂದು ಹುಟ್ಟುಸಂಪತ್ತು.

ಸ್ಪರ್ಧೆ ಮುಗಿದ ಮೇಲೆ ಎಲ್ಲರ ಲಾಗ್‌ಗಳನ್ನೂ, ಅಂದರೆ ಸಂಪರ್ಕಗಳ ಪಟ್ಟಿಗಳನ್ನೂ, ಕಂಪ್ಯೂಟರ್ ತಾಳೆ ನೋಡುತ್ತದೆ. ಕರೆಸಂಕೇತದಲ್ಲಿ ಒಂದಕ್ಷರ ತಪ್ಪಿದರೂ ಆ ಸಂಪರ್ಕ ಲೆಕ್ಕಕ್ಕಿಲ್ಲ. ಈ ಶಿಸ್ತಿಗೆ ಬೆಲೆ ಬರುವುದು ಗಂಗಾಸಾಗರದಲ್ಲಿ. ಸಂಕ್ರಾಂತಿ ಮೇಳದ ದಿನಗಳಲ್ಲಿ ಮಂಜು ಕವಿದರೆ ಮುರಿಗಂಗಾ ನದಿಯ ಲಾಂಚುಗಳು ನಿಂತುಬಿಡುತ್ತವೆ. ಲಕ್ಷಾಂತರ ಜನರ ನಡುವೆ ಮನೆಯವರಿಂದ ತಪ್ಪಿಸಿಕೊಂಡ ವೃದ್ಧರನ್ನು ಮರಳಿ ಸೇರಿಸಲು ಪಶ್ಚಿಮ ಬಂಗಾಳ ರೇಡಿಯೊ ಕ್ಲಬ್‌ನ ಹ್ಯಾಮ್‌ಗಳು ದುಡಿಯುತ್ತಾರೆ. ಹಳ್ಳಿಯ ಹೆಸರು, ಗಂಡನ ಹೆಸರು, ಜಿಲ್ಲೆ, ಒಂದೂ ತಪ್ಪುವಂತಿಲ್ಲ. 2004ರ ಡಿಸೆಂಬರಿನಲ್ಲಿ ಜಗತ್ತಿನ ಹ್ಯಾಮ್‌ಗಳ ಜೊತೆ ಸಂಪರ್ಕ ಸಾಧಿಸಲೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ, ಸುನಾಮಿ ಬಡಿದಾಗ ಅದೇ ರೇಡಿಯೊಗಳಿಂದ ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸಿತು.

ಹನ್ನೆರಡು ವರ್ಷ ತುಂಬಿದ ಯಾರೇ ಆದರೂ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಬೆಂಗಳೂರಿನಲ್ಲೂ ಹ್ಯಾಮ್ ಕ್ಲಬ್‌ಗಳು ಬಹಳ ಕಾಲದಿಂದ ಇವೆ. ಮಕ್ಕಳಿಗೆ ಆಸೆಯಿದ್ದರೆ ಮೋರ್ಸ್ ಅಭ್ಯಾಸವನ್ನು ಈಗಲೇ ಶುರು ಮಾಡಿಸಿ. ಕಿವಿ ಪಳಗಲು ತಿಂಗಳುಗಳೇ ಹಿಡಿಯುತ್ತವೆ.