ಓಲೆಗರಿಯ ಅಕ್ಷರವೂ ಮಸೂರದ ನೋಟವೂ

ವಚನವಾಙ್ಮಯವು ನಮ್ಮ ಕೈಸೇರಿರುವುದು ಓಲೆಗರಿಯ ಕಟ್ಟುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮಠ-ಮನೆಗಳಿಂದ. ಅಂತಹ ಕಟ್ಟುಗಳನ್ನು ಅರಸಿ ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಇಂದು ಮನೆಯಲ್ಲಿರುವ ಗರಿಗಳನ್ನು ಮೊಬೈಲಿನಿಂದಲೇ ಚಿತ್ರಿಸಿ ನಮಗೆ ಕಳುಹಿಸುವ ಭಕ್ತರುಂಟು. ಅವರ ಶ್ರದ್ಧೆ ದೊಡ್ಡದು. ಆದರೆ ಹಲವು ಚಿತ್ರಗಳನ್ನು ಓದಲಾಗದು.

ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮಸಿ ತೀಡಿದ ಅಕ್ಷರವದು. ದಕಾರವನ್ನು ಧಕಾರವಾಗಿಸುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ.

ಮೂವತ್ತು ವರ್ಷಗಳ ಹಿಂದೆ ನಾವೇ ಎಡವಿದೆವು. ಒಂದು ಮಠದ ಕಟ್ಟನ್ನು ಫಿಲ್ಮ್ ಕ್ಯಾಮೆರಾದಲ್ಲಿ ಚಿತ್ರಿಸುವಾಗ, ಲೆನ್ಸನ್ನು 1.8ಕ್ಕೆ ಪೂರ್ಣ ತೆರೆದು, ಅಕ್ಷರಗಳು ಕಪ್ಪಾಗಿ ಎದ್ದು ಕಂಡೊಡನೆ ಫೋಕಸ್ ನಿಲ್ಲಿಸಿ, ಬಳಿಕ ರಂಧ್ರವನ್ನು 4ಕ್ಕೆ ಕಿರಿದಾಗಿಸಿದೆವು. ಫಿಲ್ಮ್ ತೊಳೆದು ನೋಡಿದರೆ ಅಕ್ಷರಕ್ಕಿಂತ ಕೆಳಗೆ ಹಾಸಿದ್ದ ಖಾದಿಯ ಎಳೆಗಳೇ ಸ್ಫುಟವಾಗಿದ್ದವು!

ಕಾರಣವಿಷ್ಟೆ. ಗೋಳಾಕಾರದ ಗಾಜಿನ ಅಂಚಿನಿಂದ ಬಂದ ಕಿರಣಗಳು ನಡುವಿನ ಕಿರಣಗಳಿಗಿಂತ ಲೆನ್ಸಿಗೆ ಹತ್ತಿರದಲ್ಲಿಯೇ ಕೂಡುತ್ತವೆ. ತಜ್ಞರು ಈ ದೋಷವನ್ನು ಬಹುಮಟ್ಟಿಗೆ ತಿದ್ದಿದರೂ ದೊಡ್ಡ ರಂಧ್ರದ ಲೆನ್ಸುಗಳಲ್ಲಿ ತುಸು ಉಳಿಯುವುದುಂಟು. 1930ರ ದಶಕದಲ್ಲಿ ಲುಡ್ವಿಗ್ ಬರ್ಟೆಲೆ ರೂಪಿಸಿದ ಝೈಸ್ ಸೊನ್ನಾರ್ 1.5 ಲೆನ್ಸು ಈ ಗುಣಕ್ಕೇ ಹೆಸರಾಗಿದೆ. ನಡುಕಿರಣಗಳು ಕೂಡುವ ನೆಲೆಯಲ್ಲಿ ಫೋಕಸ್ ಇಟ್ಟರೆ ಕೂದಲೆಳೆಯ ಗೀರೂ ಬೇರ್ಪಡುವುದು. ಆದರೆ ಸುತ್ತ ಮಂಕು ಪ್ರಭೆ ಹರಡಿ ಕಪ್ಪು ಬೂದಿಬಣ್ಣಕ್ಕೆ ತಿರುಗುವುದು. ನೆಲೆಯನ್ನು ತುಸು ಲೆನ್ಸಿನತ್ತ ಸರಿಸಿದರೆ ಪ್ರಭೆ ಕುಗ್ಗಿ ಕಾಂಟ್ರಾಸ್ಟ್ ಏರುವುದು, ದಪ್ಪ ಗೆರೆ ಎದ್ದು ಕಾಣುವುದು, ಸಣ್ಣ ಸೀಳು ಕರಗುವುದು. ಕಣ್ಣು ಮೆಚ್ಚುವುದು ಈ ಎರಡನೆಯದನ್ನೇ. ನಾವು ಮೋಸಹೋದದ್ದೂ ಅಲ್ಲಿಯೇ. ರಂಧ್ರ ಕಿರಿದಾದೊಡನೆ ಅಂಚಿನ ಕಿರಣಗಳು ತಡೆಯಲ್ಪಟ್ಟು, ಸ್ಫುಟತೆಯ ನೆಲೆ ಗರಿಯನ್ನು ದಾಟಿ ಹಿಂದಕ್ಕೆ ಸರಿಯಿತು.

ಆದುದರಿಂದ ಚಿತ್ರ ತೆಗೆಯುವ ರಂಧ್ರದಲ್ಲಿಯೇ ಫೋಕಸ್ ಮಾಡತಕ್ಕದ್ದು. 8ರಷ್ಟು ಕಿರಿದಾಗಿಸಿದರೆ ಸಣ್ಣಪುಟ್ಟ ಸರಿತವನ್ನು ಆಳವೇ ನುಂಗಿಕೊಳ್ಳುವುದು. 22ರವರೆಗೆ ಹೋದರೆ ಬೆಳಕಿನ ವಿವರ್ತನೆಯಿಂದ ಎಲ್ಲವೂ ಮಸುಕಾದೀತು. ಗರಿ ಬಿಲ್ಲಿನಂತೆ ಬಾಗಿರುವುದರಿಂದ ಉಬ್ಬಿನ ನೆತ್ತಿಯ ಮೇಲಲ್ಲ, ನೆತ್ತಿಗೂ ಅಂಚಿಗೂ ನಡುವಣ ಎತ್ತರದಲ್ಲಿ ಫೋಕಸ್ ಇಡಬೇಕು. ಹತ್ತಿರದ ಚಿತ್ರದಲ್ಲಿ ಸ್ಫುಟತೆಯು ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. ಒಣಗಿದ ಗರಿಯನ್ನು ಒತ್ತಿ ಚಪ್ಪಟೆ ಮಾಡಲು ಹೋಗಬಾರದು, ಮುರಿದೀತು.

ಆ ಮಠಕ್ಕೆ ನಾವು ಮರಳಿ ಹೋಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಹನ್ನೊಂದು ಗರಿಗಳನ್ನು ಹುಳು ತಿಂದಿತ್ತು. ಹಳೆಯ ಫಿಲ್ಮಿನಲ್ಲಿ ದಕಾರವೋ ಧಕಾರವೋ ತಿಳಿಯದೆಡೆಗಳಲ್ಲಿ, ನಮ್ಮ ಪ್ರತಿಯಲ್ಲಿ ಇಂದಿಗೂ ಚುಕ್ಕಿಗಳೇ ಇವೆ.